ಸಕ್ಕರೆಯನ್ನೂ ತೂಗಿದರು

ನ್ಯಾಯಾಧೀಶರಿಗೆ,

ನನ್ನ ತಮ್ಮ ಜೈಲಿನಲ್ಲಿ ತೀರಿಕೊಂಡ ಸುದ್ದಿ ತಿಳಿದು, ನೀವು ಮನೆಗೆ ಬಂದು ಅಮ್ಮನನ್ನು ಮಾತಾಡಿಸಬೇಕೆಂದಿದ್ದೀರಿ ಎಂದು ವಕೀಲರು ಹೇಳಿದರು.

ಅವನು ಬಡಗಿ. ಬಿದ್ದು ಬೆನ್ನು ಮುರಿದ ಮೇಲೆ ನೋವು ತಡೆಯಲಾರದೆ ಆ ಮಾದಕ ಪುಡಿಯ ಚಟ ಹತ್ತಿಸಿಕೊಂಡ. ಬಿಡುವುದಕ್ಕೂ ತಾನೇ ಒಂದು ಉಪಾಯ ಹುಡುಕಿದ. ಡಬ್ಬಿಯಲ್ಲಿದ್ದ ಚೂರು ಪುಡಿಗೆ ದಿನಾ ಇಷ್ಟಿಷ್ಟು ಸಕ್ಕರೆ ಅರೆದು ಬೆರೆಸುತ್ತಿದ್ದ. "ಕೊನೆಗೆ ಬರೀ ಸಕ್ಕರೆ ಉಳಿಯುತ್ತೆ ಅಕ್ಕಾ, ಆಮೇಲೆ ನನ್ನ ಹಿಂದೆ ಬರೋದು ಇರುವೆ ಮಾತ್ರ" ಎಂದು ನಗುತ್ತಿದ್ದ.

ಪೊಲೀಸರು ಡಬ್ಬಿಯಲ್ಲಿದ್ದುದನ್ನೆಲ್ಲ ಒಟ್ಟಿಗೆ ತೂಗಿದರು. ಕಾನೂನಿಗೆ ಸಕ್ಕರೆಯೂ ಮಾದಕ ವಸ್ತುವೇ ಅಂತೆ. ಅಷ್ಟು ತೂಕಕ್ಕೆ ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡುವಂತಿಲ್ಲವಂತೆ. "ಕಾನೂನು ನನ್ನ ಕೈ ಕಟ್ಟಿಹಾಕಿದೆಯಮ್ಮಾ" ಎಂದು ಕೋರ್ಟಿನಲ್ಲಿ ನನಗೆ ಹೇಳಿದಿರಿ. ಅದೇ ಕೈಯಿಂದ ತೀರ್ಪಿಗೆ ಸಹಿ ಹಾಕಿದಿರಿ.

ಈಗ ನಿಮಗೆ ಮರುಕ ಹುಟ್ಟಿದೆಯಂತೆ. ದಯವಿಟ್ಟು ಬರಬೇಡಿ. ಅಮ್ಮ ಹಳೆಯ ಕಾಲದವಳು. ಬಾಗಿಲಿಗೆ ದೊಡ್ಡವರು ಬಂದರೆಂದು ಕಷ್ಟಪಟ್ಟು ಎದ್ದು, ಧೂಳು ಒರೆಸಿ ನಿಮಗೆ ಕುರ್ಚಿ ಕೊಡುತ್ತಾಳೆ. ಅದನ್ನು ನಾನು ನೋಡಲಾರೆ.

ಇತಿ,
ಅವನ ಅಕ್ಕ