ಸಿಂಕಿನ ಕೆಳಗಿನ ಹೂನೀರು

ಉಮ್ಮೀ,

ನಾಡಿದ್ದು ರಂಜಾನ್ ಶುರು. ಸಿಂಕಿನ ಕೆಳಗಿನ ಕಪಾಟು ಒಪ್ಪಮಾಡಲು ಇವತ್ತು ನಾದಿನಿ ಮೊಂಜಿಯಾ ಬಂದಳು. ಬಾಗಿಲು ತೆರೆದವಳೇ, "ಇದೇನೇ ಲಮಿಯಾ, ಕಪಾಟೋ ಗುಜರಿಯೋ?" ಎಂದು ನಕ್ಕಳು. ನಾನೂ ನಕ್ಕೆ. ಹಳೇ ಸ್ಪಂಜು, ತುಕ್ಕು ಹಿಡಿದ ಡಬ್ಬಿಗಳನ್ನು ಚೀಲಕ್ಕೆ ತುಂಬಿ ಕಸಕ್ಕೆ ಹಾಕಲು ಕೆಳಗೆ ಹೋದೆ.

ಮರಳಿ ಮೆಟ್ಟಿಲು ಹತ್ತುವಾಗಲೇ ಕಿತ್ತಳೆ ಹೂವಿನ ಘಮ ಮೂಗಿಗೆ ಬಡಿಯಿತು. ಓಡಿದೆ.

ಬೆಳಕು ತಾಗಬಾರದೆಂದು ಬ್ಲೀಚಿನ ಬಾಟಲಿಗಳ ಹಿಂದೆ ನೀನೇ ಬಚ್ಚಿಟ್ಟಿದ್ದ ಹೂನೀರು. ನೀನು ಬಟ್ಟಿ ಇಳಿಸಿದ್ದರಲ್ಲಿ ಉಳಿದದ್ದು ಅದೊಂದೇ ಬಾಟಲಿ. ಬರಿದಾಗಿ ಸಿಂಕಿನಲ್ಲಿ ಬೋರಲು ಬಿದ್ದಿತ್ತು. ಅದನ್ನು ತೊಳೆಯಲು ಮೊಂಜಿಯಾ ನಲ್ಲಿಗೆ ಕೈ ಚಾಚಿದ್ದಳು. ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಹಳೇ ಬ್ಲೀಚ್ ಅಂದ್ಕೊಂಡು ಚೆಲ್ಲಿಬಿಟ್ಟೆ ಕಣೇ. ನೆಗಡಿ ಬೇರೆ, ವಾಸನೇನೇ ಗೊತ್ತಾಗ್ಲಿಲ್ಲ. ಅದಕ್ಯಾಕೆ ಹಂಗೆ ನೋಡ್ತೀಯಾ? ಮತ್ತೆ ಹೂ ಬಿಡುತ್ತೆ, ಇಳಿಸ್ಕೊಂಡ್ರಾಯ್ತು!"

ನೀನೇ ಇಲ್ಲದ ಮೇಲೆ ಯಾರು ಇಳಿಸುತ್ತಾರೆ, ಉಮ್ಮೀ?

ಹೋದ ವಸಂತದಲ್ಲಿ ನೀನು ಊರಿಂದ ಫೋನು ಮಾಡಿದ್ದೆ. "ಹೂ ಬಂದಿದೆ, ಒಲೆ ಹಚ್ಚಿದೀನಿ. ಪಕ್ಕದಲ್ಲಿ ಸುಮ್ನೆ ಕೂತ್ಕೋ ಬಾರೇ, ಮಗಳೇ." ನಾನು ಬರಲಿಲ್ಲ. ಕೊನೆಗೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನೀನೇ ಬಂದೆ.

ಮೊಂಜಿಯಾ ಮುನಿಸಿಕೊಂಡು ಹೋದಳು. ಎಂಜಲು ಪಾತ್ರೆ ರಾಶಿ ಬಿದ್ದಿದೆ. ಸಿಂಕಿನ ಕೆಳಗಿನ ಕೊಳವೆಯ ಬಾಗಿನಲ್ಲಿ ಒಂದು ಬೊಗಸೆಯಷ್ಟು ಹೂನೀರು ಇನ್ನೂ ನಿಂತಿದೆ. ನಲ್ಲಿ ಬಿಟ್ಟರೆ ಅದೂ ಹೋಗುತ್ತದೆ. ನಲ್ಲಿಗೆ ಬಟ್ಟೆ ಬಿಗಿದಿದ್ದೇನೆ. ಖಾಲಿ ಕಪಾಟಿನೊಳಗೆ ತಲೆಯಿಟ್ಟು, ಕೊಳವೆಗೆ ಕೆನ್ನೆ ಒತ್ತಿಕೊಂಡು, ನೆಲದ ಮೇಲೆ ಕೂತಿದ್ದೇನೆ.

ಬಂದಿದ್ದೇನೆ, ಉಮ್ಮೀ. ಪಕ್ಕದಲ್ಲೇ ಕೂತಿದ್ದೇನೆ.