ಆರರ ಕಟರಿಗೆ ಹಾಕಿದ ದಾರಿ

ಮಕ್ತಲ್,
ಶುಕ್ರವಾರ, ೨೨ ನವೆಂಬರ್ ೨೦೨೪

ಗಂಗಾ, ನನ್ನವ್ವಾ,

ರಾಜೋಳಿಯ ಹೊಳೆಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲವಷ್ಟೆ? ಚಿಕ್ಕಮ್ಮನ ಮಂಡಿನೋವು ಹೇಗಿದೆ? ಇಲ್ಲಿ ನಾವು ಆರಾಮ. ನಿನ್ನ ಅವ್ವ ಮಾತ್ರ ಊಟಕ್ಕೆ ಕೂತಾಗಲೆಲ್ಲ ಬಾಗಿಲ ಕಡೆ ನೋಡುತ್ತಾಳೆ. ನೀನು ಫೋನ್ ಆರಿಸಿಟ್ಟು ಹನ್ನೊಂದು ದಿನವಾಯಿತು. ಅದಕ್ಕೇ ಈ ಕಾಗದವನ್ನು ಭೀಮಶಂಕರ್ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೋದ ವಾರ ಗುರುವಾರ ನಿನ್ನ ಊಟದ ಡಬ್ಬಿ ತರುವ ನೆವದಲ್ಲಿ ಗದ್ವಾಲಕ್ಕೆ, ಮಾರ್ಕಂಡೇಯನ ಕಾರ್ಖಾನೆಗೆ ಹೋಗಿದ್ದೆ. ಬೆನ್ನಿಗೆ ಕಟ್ಟುವ ಔಷಧಿ ಪಂಪಿನ ಟಾಕಿಯ ಅಚ್ಚು ಹಿಂದಿನ ಗೋಡೆಗೆ ಒರಗಿ ಬಿದ್ದಿತ್ತು. ನೀನು ಕಂಪ್ಯೂಟರಿನಲ್ಲಿ ಹಾಕಿಕೊಟ್ಟ ದಾರಿಯಲ್ಲಿ ಓಡಿಯೇ ಕಬ್ಬಿಣ ಕೊರೆಯುವ ಕಟರ್ ಅದನ್ನು ಕೆಡಿಸಿತೆಂದು ಅವನು ನಿನ್ನನ್ನು ಕೆಲಸದಿಂದ ತೆಗೆದದ್ದಲ್ಲವೆ? ಎರಕಕ್ಕೆ ಮರದ ಮಾದರಿ ಕೆತ್ತಿ ಸವೆದ ನನ್ನ ಬೆರಳಿಗೆ ಕಬ್ಬಿಣವೂ ಒಂದಿಷ್ಟು ಹೇಳುತ್ತದೆ. ಅಚ್ಚಿನ ತಳ ಬೆಣ್ಣೆಯಂತೆ ನುಣುಪಾಗಿ, ಸರಿಯಾಗಿತ್ತು. ಪಕ್ಕದ ಬಾಗು ಕಡಿದಾದಂತೆ ಕಟರ್ ಹೆಚ್ಚು ಹೆಚ್ಚು ತಿಂದಿತ್ತು. ದಾರಿಯೇ ತಪ್ಪಿದ್ದರೆ ತಳ ಹೇಗೆ ಉಳಿಯಿತು ಎಂದು ಅನುಮಾನ ಬಂತು. ಅಳತೆ ತೆಗೆಯಲೆಂದು ಅವ್ವನ ಪಾತ್ರೆಯಿಂದ ಕದ್ದು ಒಯ್ದಿದ್ದ ಗೋಧಿ ಕಣಕವನ್ನು ಮೂಲೆಗೆ ಒತ್ತಿ ತೆಗೆದು, ಮೂಡಿದ ಬಾಗಿಗೆ ಅಳತೆಯ ಗೇಜು ಹಿಡಿದೆ. ನೀನು ದಾರಿ ಹಾಕಿದ್ದು ಆರು ಮಿಲಿಮೀಟರಿನ ಗುಂಡು ತುದಿಯ ಕಟರಿಗೆಂದು ಮಿಶಿನ್ನಿಗೆ ಅಂಟಿಸಿದ ಹಾಳೆಯಲ್ಲೇ ಬರೆದಿದೆ. ಕಣಕದಲ್ಲಿ ಮೂಡಿದ್ದು ಹತ್ತರ ಗುಂಡು. ಆರರ ದಾರಿಯಲ್ಲಿ ದಪ್ಪ ಕಟರ್ ಓಡಿದರೆ ತುದಿ ತಳಕ್ಕೆ ಸರಿಯಾಗಿ ಕೂತರೂ ಪಕ್ಕವನ್ನು ತಿನ್ನದೆ ಬಿಟ್ಟೀತೆ?

ಮೊದಲು ಮಿಶಿನ್ ಓಡಿಸುವ ಮಲ್ಲೇಶನ ಮೇಲೆ ಸಂಶಯ ಬಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿರಲಿಲ್ಲ. ಚಹದಂಗಡಿಯವರೆಗೂ ಬೆನ್ನು ಹತ್ತಿದೆ. "ಆರರದು ಮುರದಿತ್ರಿ ಕಾಕಾ. ಹತ್ತರದು ಹಾಕಿ ಓಡ್ಸು, ಏನೂ ಆಗಂಗಿಲ್ಲ ಅಂದ್ರು ಸಾವ್ಕಾರ್ರು. ಅಕ್ಕಗ ಹೇಳಾಕ ನನಗ ಬಾಯಿ ಬರ್ಲಿಲ್ಲ" ಎಂದ. ನಿನ್ನೊಬ್ಬಳ ಹೊರತು ಯಾರ ಮುಂದೂ ಅವನ ಹೆಸರು ಎತ್ತುವುದಿಲ್ಲವೆಂದು ಮಾತು ಕೊಟ್ಟೆ.

ಶನಿವಾರ ಮಾರ್ಕಂಡೇಯ ತಾನೇ ನಮ್ಮ ಮನೆಗೆ ಬಂದ, ಪೇಢೆಯ ಡಬ್ಬಿ ಹಿಡಿದು. ಎಂದೂ ಹೊಸ್ತಿಲು ತುಳಿಯದವನು ಪೇಢೆ ತಂದರೆ ಏನೆಂದುಕೊಳ್ಳಲಿ? "ಆದದ್ದಾತು ಯಜಮಾನ್ರೆ, ಹುಡಿಗಿನ ವಾಪಸ್ ಕಳಸ್ರಿ. ಅಚ್ಚು ಮಾಡ್ಸಿದ ಕಂಪ್ನಿಯವ್ರಿಗೆ ತೋರ್ಸಾಕ ಒಂದು ಸಹಿ ಬೇಕಾಗೈತಿ, ಅಷ್ಟ" ಎಂದ. ಕಾಗದ ಬಿಟ್ಟು ಹೋಗಿ, ಓದಿಸುತ್ತೇನೆ ಎಂದೆ. ಮಡಚಿ ಕಿಸೆಗೆ ಇಟ್ಟುಕೊಂಡ. ತಪ್ಪು ನಿನ್ನದೆಂದು ಬರೆಸಿಕೊಳ್ಳಲು ಬಂದಿದ್ದಾನೆಂದು ಅನಿಸಿತು. ಆಗ ನಾನು ಒಣಗಿದ ಕಣಕದ ತುಂಡನ್ನು ಅವನ ಚಹದ ಬಟ್ಟಲಿನ ಪಕ್ಕ ಇಟ್ಟೆ. "ಆ ಕಟರ್ ಯಾರು ಹಾಕ್ಯಾರೋ ನನಗ ಗೊತ್ತಿಲ್ರಿ" ಎಂದುಬಿಟ್ಟ. ಕಟರಿನ ಸುದ್ದಿ ನಾನು ಎತ್ತಿಯೇ ಇರಲಿಲ್ಲ, ಗಂಗಾ. ಅದನ್ನೇ ಕಂಪನಿಯವರ ಮುಂದೆ ಹೇಳುತ್ತೀರಾ ಎಂದು ಕೇಳಿದೆ. ಚಹ ಅರ್ಧಕ್ಕೇ ಬಿಟ್ಟು ಎದ್ದ.

ಇಂದು ಬೆಳಿಗ್ಗೆ ಮಲ್ಲೇಶ ಫೋನ್ ಮಾಡಿದ್ದ. ಹೊಸ ಆರರ ಕಟರ್ ತರಿಸಿ, ನಿನ್ನ ಅದೇ ದಾರಿಯಲ್ಲಿ, ಒಂದು ಅಕ್ಷರ ಬದಲಿಸದೆ ಇನ್ನೊಂದು ಅಚ್ಚು ಓಡಿಸಿದರಂತೆ. ಕಂಪನಿಯವರು ಅಳೆದು ಸರಿಯಿದೆ ಎಂದು ಒಯ್ದಿದ್ದಾರೆ. ನಿನ್ನ ತಪ್ಪಲ್ಲವೆಂದು ಮಾರ್ಕಂಡೇಯ ಎಲ್ಲರೆದುರು ಒಪ್ಪಿದನಂತೆ. ನನಗೆ ಅವನ ಮೇಲೆ ಇನ್ನೂ ನಂಬಿಕೆ ಇಲ್ಲ. ಯಾರು ಏನು ತಂದರೂ ಸಹಿ ಹಾಕಬೇಡ. ಅಲ್ಲಿಗೆ ಮತ್ತೆ ಹೋಗುವುದು ಬಿಡುವುದು ನಿನ್ನ ಇಷ್ಟ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಅವ್ವ ನಿನ್ನ ತಲೆ ನೇವರಿಸಿದ್ದಾಳೆಂದು ತಿಳಿ.

ನಿನ್ನ ಅಪ್ಪ,
ಸಿದ್ದಪ್ಪ

ತಾ.ಕ.: ಭೀಮಶಂಕರ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಕೆಲಸ ಕಳೆದುಕೊಂಡು ಬಂದ ಸಂಜೆ ನೀನು ಚಪ್ಪಲಿ ಬಿಡುವ ಮೊದಲೇ "ಎಲ್ಲಿ ತಪ್ಪಿದ್ಯವ್ವಾ" ಎಂದು ಕೇಳಿದವನು ನಾನು. ನೀನು ತಪ್ಪಿಲ್ಲವೆಂದರೂ ನಂಬಲಿಲ್ಲ. ಗದ್ವಾಲಕ್ಕೆ ಹೋದದ್ದೂ ನಿನ್ನ ಪರ ನಿಲ್ಲಲು ಅಲ್ಲ, ನೀನು ಎಷ್ಟು ಕೆಡಿಸಿದ್ದೀಯೆಂದು ನೋಡಲು. ಬರುವ ಮನಸ್ಸಿಲ್ಲದಿದ್ದರೆ ಫೋನನ್ನಾದರೂ ತೆರೆ. ತಪ್ಪಾಯಿತೆಂದು ಬಾಯಲ್ಲೇ ಹೇಳಬೇಕಾಗಿದೆ.