ಸೊಸೆ ಕೇಳಿದ ಮೋಟಾರು

ಮಾರ್ಚ್ ೯, ಭಾನುವಾರ

ಪ್ರೀತಿಯ ಸೊಸೆಗೆ,

ಅತ್ತೆಯ ಆಶೀರ್ವಾದಗಳು. ನಿನ್ನ ಪತ್ರ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಮಂಡಿನೋವಿನ ನೆಪ ಹೇಳಬಹುದಿತ್ತು, ಆದರೆ ಬರೆಯುವುದು ಕೈಯಲ್ಲಿ ತಾನೆ. ಸೊಸೆ ಎಂದು ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಎಂದು ಮೊದಲ ಸಾಲಿನಲ್ಲೇ ಪೆನ್ನು ನಿಂತುಬಿಡುತ್ತಿತ್ತು. ಬೇರೆ ಏನೆಂದು ಕರೆಯಲಿ, ಹೊಳೆಯಲಿಲ್ಲ.

ನೀನು ಮನೆ ಬಿಟ್ಟು ಎರಡು ವರ್ಷದ ಮೇಲೆ ಬರೆದ ಮೊದಲ ಪತ್ರ ಅದು. ಒಬ್ಬಳೇ ವರ್ಕ್‌ಶಾಪ್ ತೆರೆದಿದ್ದೇನೆ, ಮತ್ತೆ ಶಾಲೆಗಳಿಗೆ ಪುಟ್ಟ ರೋಬೋಟ್ ಕಾರು ಮಾಡುತ್ತೇನೆ, ಎನ್‌ಕೋಡರ್ ಇರುವ ಗೇರ್ ಮೋಟಾರು ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದ್ದೆ. ಮೋಟಾರು ಕಾರ್ಖಾನೆಯ ಪರೀಕ್ಷೆಯ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳನ್ನು ಈ ಮನೆಯಲ್ಲಿ ಕನ್ನಡಕ ಎಲ್ಲಿಟ್ಟೆ ಅನ್ನುವುದು ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಹೋದ ವಾರ ಬಿಡಿಭಾಗಗಳ ಅಂಗಡಿಗೆ ಹೋಗಿದ್ದೆ. ಅಂಗಡಿಯವನು, “ಮೊಮ್ಮಗನ ಆಟದ ಸಾಮಾನಿಗಾ, ಅಜ್ಜಿ?” ಎಂದ. “ಅಲ್ಲಪ್ಪ, ಸೊಸೆ ಕಸುಬಿಗೆ” ಎಂದೆ. ಆಮೇಲೆ ಮರ್ಯಾದೆಯಾಗಿ ಸ್ಟೂಲು ಕೊಟ್ಟು ಆರು ಬಗೆಯದ್ದು ಮುಂದಿಟ್ಟ. ಎಲ್ಲವನ್ನೂ ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಓಡಿಸಿ ನೋಡಿದೆ.

ಮೊದಲು ಬ್ಯಾಟರಿ ಸಮೇತ ಕಾರನ್ನು ತೂಕಕ್ಕಿಟ್ಟು ನೋಡು, ಅಂದಾಜು ಬೇಡ. ಗೇರಿನ ಪ್ರಮಾಣ ಕಡಿಮೆಯಾದರೆ ಕಾರು ಬಾಣದ ಹಾಗೆ ಹೋಗುತ್ತದೆ, ಆದರೆ ಚಾಪೆಯ ಅಂಚು ಹತ್ತಲಾರದು. ಜಾಸ್ತಿಯಾದರೆ ಏನು ಬೇಕಾದರೂ ಎಳೆಯುತ್ತದೆ, ಮಕ್ಕಳು ಆಕಳಿಸುತ್ತಾರೆ. ಮೋಟಾರು ನೂರು ಸಲ ತಿರುಗಿದರೆ ಚಕ್ರ ಒಂದು ಸಲ ತಿರುಗುವಂಥದ್ದು ನಿನಗೆ ಸಾಕು. ಹಲ್ಲುಗಳು ಲೋಹದ್ದೇ ಇರಲಿ. ಇನ್ನು ಮೋಟಾರಿನ ಬೆನ್ನಿಗೆ ಕೂತು ಸುತ್ತು ಎಣಿಸುವ ಆ ಎನ್‌ಕೋಡರ್. ಅದಕ್ಕೆ ಒಂದೇ ಕಣ್ಣಿದ್ದರೆ ಸುತ್ತು ಎಣಿಸುತ್ತದೆಯೇ ಹೊರತು ಚಕ್ರ ಮುಂದೆ ಹೋಯಿತೋ ಹಿಂದೆ ಹೋಯಿತೋ ಹೇಳುವುದಿಲ್ಲ. ಎರಡು ಕಣ್ಣಿನದನ್ನೇ ಕೇಳಿ ತೆಗೆದುಕೊ. ಚಕ್ರ ಸಿಕ್ಕಿಕೊಂಡು ನಿಂತಾಗ ಮೋಟಾರು ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನೂ ನೋಡು. ಬೋರ್ಡು ಸುಡುವುದು ಆಗಲೇ. ನಾನು ಆರಿಸಿದ ಎರಡನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ನನ್ನ ಮಗ ಈಗ ಲಿಫ್ಟ್ ರಿಪೇರಿ ಕಂಪನಿಗೆ ಹೋಗುತ್ತಾನೆ. ನೀವಿಬ್ಬರೂ ಕೆಲಸ ಮಾಡುತ್ತಿದ್ದ ಮುಂದಿನ ಕೋಣೆಯಲ್ಲಿ ಬಟ್ಟೆ ಒಣಗಿಸುತ್ತೇವೆ. ನಿನ್ನ ವಿಷಯ ಅವನು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನೀವಿಬ್ಬರೂ ಮಾಡಿಕೊಟ್ಟ ಆ ನಲವತ್ತು ಕಾರು ಶಾಲೆಯಿಂದ ವಾಪಸು ಬಂದ ಮಧ್ಯಾಹ್ನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನೇರ ಹೋಗು ಅಂದರೆ ಎಲ್ಲವೂ ಒಂದಲ್ಲ ಒಂದು ಪಕ್ಕಕ್ಕೆ ವಾಲಿ ಬೆಂಚಿನ ಕಾಲಿಗೆ ಹೊಡೆಯುತ್ತಿದ್ದವಂತೆ. ನೀನು, “ಎರಡು ಚಕ್ರದ ಸುತ್ತು ಎಣಿಸಿ ಸಮ ಮಾಡೋಕೆ ಎನ್‌ಕೋಡರ್ ಇರೋದೇ ಬೇಕು ಅಂತ ಮೊದಲೇ ಹೇಳಿದ್ದೆ” ಎಂದೆ. ಅವನು, “ಮೋಟಾರೆಲ್ಲ ಸಮವಾಗಿವೆ, ನಾನೇ ನೋಡಿದ್ದೀನಿ. ನಿನ್ನ ಪ್ರೋಗ್ರಾಮೇ ಸರಿಯಿಲ್ಲ” ಎಂದ. ನೀನು ನನ್ನ ಕಡೆ ತಿರುಗಿ, “ಅತ್ತೆ, ನೀವೇ ಹೇಳಿ” ಎಂದೆ. “ನನಗೇನು ಗೊತ್ತಮ್ಮ” ಎಂದು ನಾನು ಒಳಗೆ ಹೋದೆ. ಒಂದು ತಿಂಗಳಲ್ಲಿ ನೀನೂ ಹೋದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಲಸದ ಮೇಜಿನ ಮೇಲೆ ಒಳ್ಳೆಯ ದೀಪ ಹಾಕಿಸಿಕೊ, ಕಣ್ಣು ಹಾಳುಮಾಡಿಕೊಳ್ಳಬೇಡ. ನೀನು ಹಿಡಿದ ಕೆಲಸ ಕೈಗೂಡಲಿ, ನಿನ್ನ ಹೆಸರಿನಲ್ಲೇ ಕೈಗೂಡಲಿ.

ಇಂತಿ,
ನಿನ್ನ ಅತ್ತೆ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನನಗೆ ಗೊತ್ತಿತ್ತು. ಅವನು ಆ ಮೋಟಾರು ತಂದ ದಿನ ನೀನು ತವರಿನಲ್ಲಿದ್ದೆ. ಕೈ ಸುಮ್ಮನಿರದೆ ಹತ್ತು ಜೊತೆ ಓಡಿಸಿ ನೋಡಿದೆ. ಒಂದೇ ಬ್ಯಾಟರಿಗೆ ಒಂದು ಮೋಟಾರು ನಿಮಿಷಕ್ಕೆ ಇನ್ನೂರು ಸುತ್ತು ತಿರುಗಿದರೆ ಅದರ ಜೊತೆಯದ್ದು ನೂರ ಎಪ್ಪತ್ತು. “ಇವು ಜೋಡಿಯಾಗಿ ಓಡಲ್ಲ ಕಣೋ. ಅವಳು ಕೇಳಿದ್ದೇ ತರಬೇಕಿತ್ತು” ಎಂದೆ. “ತಂದಾಗಿದೆ ಅಮ್ಮ, ಅವಳಿಗೆ ಹೇಳಬೇಡ. ಪ್ರೋಗ್ರಾಮಲ್ಲಿ ಹೇಗೋ ಸರಿಮಾಡ್ತಾಳೆ” ಎಂದ. ಹೇಳಲಿಲ್ಲ. ಮಗ ನಾಲ್ಕು ಜನರ ಮುಂದೆ ಚಿಕ್ಕವನಾಗುತ್ತಾನೆ ಅನ್ನಿಸಿತು. ನೀನು ಚಿಕ್ಕವಳಾಗಲು ಬಿಟ್ಟು ನಾನು ಒಳಗೆ ಹೋದೆ.

“ಹೋದ ಸಲದಂತೆ ನನ್ನ ತಪ್ಪಿನಿಂದ ಕೆಡಬಾರದು” ಎಂದು ನಿನ್ನ ಪತ್ರದ ಕೊನೆಯಲ್ಲಿ ಬರೆದಿದ್ದೀಯ. ಈ ಐದು ವಾರ ನನಗೆ ಉತ್ತರ ಬರೆಯಲಾಗದೆ ಹೋದದ್ದು ಆ ಒಂದು ಸಾಲಿಗೆ. ತಪ್ಪು ನಿನ್ನದಲ್ಲ, ಯಾವತ್ತೂ ಆಗಿರಲಿಲ್ಲ. ಎಲ್ಲ ಬರೆಯುತ್ತೇನೆ ಎಂದು ನಿನ್ನೆ ಅವನಿಗೆ ಹೇಳಿದೆ. “ಬರಿ” ಅಂದ.

ಇದನ್ನು ನಿನ್ನ ಅಮ್ಮನಿಗೂ ಓದಿ ಹೇಳು. ನೀನು ಹೋದ ವಾರದಲ್ಲೇ ಅವರು ಫೋನ್ ಮಾಡಿ, “ನಿಜ ಹೇಳಿ, ನಮ್ಮ ಹುಡುಗಿಯದೇ ತಪ್ಪಾ?” ಎಂದು ಕೇಳಿದ್ದರು. ನಾನು ಹೂಂ ಅಂದಿದ್ದೆ.